ಒಂದು ಡಿಕ್ಕಿ ಬಾಕಿ

“ಲಗೂನ ಇನ್ನೊಂದ ಡಿಕ್ಕಿ ಹೊಡಿ, ಇಲ್ಲಂದ್ರ ಕೊಂಬು ಬರ್ತಾವ!”

ನುಜಹತ ಹಣೆ ಹಿಡಿದುಕೊಂಡೇ ಹೇಳಿದಳು. ಬೆಂಚಿನ ಕೆಳಗೆ ಬಿದ್ದ ರಬ್ಬರ್ ಎತ್ತಲು ಅವಳೂ ನೀಲಾಂಬಿಕಾಳೂ ಒಟ್ಟಿಗೇ ಬಗ್ಗಿ, ತಲೆಗೆ ತಲೆ ತಾಗಿತ್ತು. ರಬ್ಬರ್ ಮಾತ್ರ ಆರಾಮಾಗಿ ಅಲ್ಲೇ ಮಲಗಿತ್ತು.

ತಲೆಗೆ ತಲೆ ಒಂದು ಸಲ ತಾಗಿದರೆ ಕೊಂಬು ಬರುತ್ತವೆ. ಇನ್ನೊಂದು ಸಲ ತಾಗಿಸಿದರೆ ಬರುವುದಿಲ್ಲ. ಇದು ಐದನೇ ತರಗತಿಯ ವಿಜ್ಞಾನ. ಪುಸ್ತಕದಲ್ಲಿ ಇಲ್ಲ, ಅದಕ್ಕೇ ಎಲ್ಲರಿಗೂ ಬಾಯಿಪಾಠ.

ನೀಲಾ ಮೆಲ್ಲಗೆ ಡಿಕ್ಕಿ ಕೊಟ್ಟಳು. ಅವಳ ಪ್ರಕಾರ, ಮಲ್ಲಿಗೆ ಹೂವು ತಾಗಿದಷ್ಟು.

“ಅಯ್ಯ! ತಲಿ ಒಡಿಬೇಕಂತ ಮಾಡೀಯೇನ?”

“ಮೆಲ್ಲಕ ಹೊಡದೇನಿ.”

“ಇದು ಮೆಲ್ಲಕ? ತಡಿ, ನೀ ಹೊಡದಷ್ಟ ನಾನೂ ಹೊಡಿತೇನಿ. ಒಂದ ಚೂರೂ ಹೆಚ್ಚಿಲ್ಲ.”

ಒಂದು ಚೂರೂ ಹೆಚ್ಚಿಲ್ಲದ ಆ ಡಿಕ್ಕಿಗೆ ನೀಲಾಳ ಕಣ್ಣಲ್ಲಿ ನೀರು ಬಂತು.

“ಅಕ್ಕಿಆಲೂರ ಸಂತ್ಯಾಗಿನ ಟಗರು ನೀನು!”

“ಖರೇನ, ನೀ ಕೊಟ್ಟಷ್ಟ ಕೊಟ್ಟೇನಿ!”

“ಹಂಗಾರ ನೀ ಕೊಟ್ಟಷ್ಟ ತಿರುಗಿ ತಗೊ!”

ಹೀಗೆ ಇಬ್ಬರು ಮಹಾ ನ್ಯಾಯವಂತರು ಅಷ್ಟಕ್ಕೆ ಅಷ್ಟೇ ಕೊಟ್ಟುಕೊಂಡರು. ಸದ್ದು ಮಾತ್ರ ಪ್ರತಿ ಸಲವೂ ದೊಡ್ಡದಾಗುತ್ತಾ ಹೋಯಿತು. ಹಿಂದಿನ ಬೆಂಚಿನವರು ಶಿಳ್ಳೆ ಹಾಕಿದರು.

ಅಂಬರೀಶ ಸರ್ ಬಂದು ಜಗಳ ಬಿಡಿಸಿದರು. ತಲೆಗೆ ಪೆಟ್ಟು ಬಿದ್ದ ಇಬ್ಬರಿಗೂ, ತಲೆಗೇ ಒಂದೊಂದು ಮೊಟಕಿದರು.

“ಆಯ್! ಸರ್ರ!”

“ಏನ್ ನಾಟಕ ಮಾಡ್ತೀರಿ! ಬರೇ ಮುಟ್ಟೇನಿ,” ಎಂದರು ಸರ್.

ಮೆಲ್ಲಗೆ ಹೊಡೆಯುವವರಿಗೆ ಆ ಶಾಲೆಯಲ್ಲಿ ಕೊರತೆಯೇ ಇರಲಿಲ್ಲ.

ನುಜಹತ ಚೀಲ ಎತ್ತಿಕೊಂಡು ಕಿಟಕಿಯ ಹತ್ತಿರದ ಬೆಂಚಿಗೆ ಹೋದಳು. “ನಿನ್ನ ಜೋಡಿ ಟೂ. ಸಾಯೂತನಕ ಟೂ.”

ಒಂದನೇ ತರಗತಿಯಿಂದ ಇಬ್ಬರದೂ ಒಂದೇ ಬೆಂಚು. ಈಗ ಆ ಬೆಂಚು ಊರಗಲ ಕಾಣುತ್ತಿತ್ತು. ಸಾಲದ್ದಕ್ಕೆ ಡಿಕ್ಕಿಗಳ ಲೆಕ್ಕ ಬೆಸದಲ್ಲೇ ನಿಂತಿತ್ತು. ಅಂದರೆ ಕೊಂಬು ಖಾತ್ರಿ.

ಮರುದಿನ ಭಾನುವಾರ. ಹೊನ್ನಜ್ಜಿ ಮೊಮ್ಮಗಳು ನೀಲಾಳನ್ನು ಕಟ್ಟೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚತೊಡಗಿದಳು.

“ಅಜ್ಜಿ, ಕೊಂಬು ಬಂದ್ರ ಲಗ್ನ ಆಗ್ತೈತೇನ?”

“ಯಾಕ ಆಗೂದಿಲ್ಲ? ಬಾಸಿಂಗ ಕಟ್ಟಾಕ ಚಲೋ ಅನುಕೂಲ.”

ಪಟ್, ಪಟ್, ಪಟ್.

“ಮೆಲ್ಲಕ ಬೇ! ಇದು ತಲಿ, ನಗಾರಿ ಅಲ್ಲ.”

“ಸವರಾಕತ್ತೇನಿ ಯವ್ವಾ, ತಟ್ಟೇ ಇಲ್ಲ ಇನ್ನ.”

“ಬಾ ಇಲ್ಲೆ. ಸವರೂದು ಅಂದ್ರ ಹೆಂಗಂತ ನಾ ತೋರಸ್ತೇನಿ.”

ನೀಲಾ ಅಜ್ಜಿಯ ಹಿಂದೆ ಕುಳಿತು, ಬೆಳ್ಳಗಿನ ಕೂದಲಿನ ಮೇಲೆ ಬಹಳ ಮೃದುವಾಗಿ ತಟ್ಟಿದಳು.

“ಅಯ್ಯಯ್ಯ! ನನ್ನ ಬುರುಡಿ ಮ್ಯಾಲೆ ಭತ್ತ ಕುಟ್ಟಾಕತ್ತೀಯೇನ?”

“ಮೆಲ್ಲಕ ಹೊಡ…” ಎಂದವಳು ಅರ್ಧಕ್ಕೇ ನಿಂತಳು. ಈ ಮಾತನ್ನು ನಿನ್ನೆಯಿಂದ ಬಹಳ ಸಲ ಕೇಳಿದಂತಿತ್ತು.

ಅದೇ ಕೈಯಿಂದ ತನ್ನ ತಲೆಗೆ ಅಷ್ಟೇ ತಟ್ಟಿಕೊಂಡಳು. ಏನೂ ಅನ್ನಿಸಲಿಲ್ಲ. ಕಂಕುಳಲ್ಲಿ ತಾನೇ ಕಚಗುಳಿ ಇಟ್ಟುಕೊಂಡಳು. ಊಹೂಂ. ಅಜ್ಜಿ ಒಂದೇ ಬೆರಳು ಚಾಚಿದಳು, ನೀಲಾ ಕಿಲಕಿಲ ನಗುತ್ತಾ ಕಟ್ಟೆಯಿಂದ ಜಾರಿದಳು.

“ತಲಿ ಒಳಗ ಒಬ್ಬ ಡಂಗುರದಾಂವ ಕುಂತಿರ್ತಾನ,” ಅಜ್ಜಿ ಕತೆಯ ದನಿ ತೆಗೆದಳು. “ನಿನ್ನ ಕೈ ಹೊಂಟ್ರ, ‘ಬರಾಕತ್ತೈತಿ, ನಮ್ಮದ ಕೈ ಐತಿ, ಗದ್ಲ ಮಾಡಬ್ಯಾಡ್ರಿ’ ಅಂತ ಊರತುಂಬ ಸಾರತಾನ. ಮಂದಿ ಕೈ ಹೊಂಟದ್ದು ಅವಂಗೇನ ಗೊತ್ತು? ಅದು ಬಂದು ಬಿದ್ದಾಗನ ಊರೆಲ್ಲ ಎದ್ದು ಬೊಬ್ಬಿ ಹೊಡಿತೈತಿ.”

“ಎಲ್ಲಾದಕ್ಕೂ ಒಂದ ಕತಿ ಐತಿ ನಿನ್ನ ಹಂತ್ಯಾಕ,” ಎಂದಳು ನೀಲಾ. ಆದರೆ ತನ್ನ ತಲೆಗೆ ಇನ್ನೊಮ್ಮೆ ತಟ್ಟಿಕೊಂಡು ನೋಡಿದಳು.

ಸೋಮವಾರ ಅವಳು ಕಿಟಕಿಯ ಬೆಂಚಿನ ಹತ್ತಿರ ಹೋಗಿ ನಿಂತಳು. ನುಜಹತ ಹೊರಗಿನ ಗೋಡೆಯನ್ನು ನೋಡುತ್ತಿದ್ದಳು, ನಾಳೆ ಅದರ ಮೇಲೇ ಪರೀಕ್ಷೆ ಇದ್ದವರ ಹಾಗೆ.

“ಒಂದ ಡಿಕ್ಕಿ ಬಾಕಿ ಐತಿ.”

“ಇರ್ಲಿ. ಕೊಂಬು ಬಂದ್ರೂ ನನಗೇನ ಚಿಂತಿಲ್ಲ.”

“ನನಗೈತಿ. ಒಂದ ಬೆಂಚಿನ್ಯಾಗ ಕುಂತ್ರ ನಿನ್ನ ಕೊಂಬು ನನಗ ಚುಚ್ಚೂದಿಲ್ಲೇನ?”

ನುಜಹತ ತುಟಿ ಕಚ್ಚಿ ನಗು ತಡೆದಳು. “ಮೆಲ್ಲಕ ಹೊಡಿಬೇಕ ಮತ್ತ. ಮನ್ನೆ ಹೊಡದಂಗಲ್ಲ.”

“ಹ್ಞೂಂ.”

ನೀಲಾ ಬಗ್ಗಿದಳು. ಮೆಲ್ಲಗೆ ಎಂದರೆ ಎಷ್ಟು ಎಂದು ಅವಳಿಗೆ ಗೊತ್ತಿತ್ತು. ಅದರಲ್ಲಿ ಅರ್ಧ ಮಾಡಿದಳು. ಆ ಅರ್ಧವನ್ನೂ ಮತ್ತೆ ಅರ್ಧ ಮಾಡಿದಳು. ಹಣೆಗೆ ಏನೂ ತಾಗಿದಂತೆಯೇ ಅನ್ನಿಸಲಿಲ್ಲ.

“ತಾಗಿತೇನ?”

“ತಾಗದ ಏನ?” ನುಜಹತ ಹಣೆ ಸವರಿಕೊಂಡಳು. “ಈಗ ಸರಿ ಆತ ನೋಡ. ಮೊದಲ ಹಿಂಗ ಹೊಡಿಯಾಕ ಏನಾಗಿತ್ತ ನಿನಗ?”

ಮೊದಲೂ ಮೆಲ್ಲಗೇ ಹೊಡೆದಿದ್ದೆ ಎನ್ನಲು ನೀಲಾ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ನುಜಹತಳ ಚೀಲ ಎತ್ತಿಕೊಂಡು ತಮ್ಮ ಬೆಂಚಿನತ್ತ ನಡೆದಳು.