ಹನ್ನೊಂದು ಸಸಿಗಳ ಸಾವು

ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನಗೆ ಗಂಟಲು ಕಟ್ಟುತ್ತದೆ. ಡಿಗ್ರಿ ಮುಗಿದರೂ ಈ ರೋಗ ಬಿಟ್ಟಿಲ್ಲ. ಡೈರಿಗಲ್ಲದೆ ಯಾರಿಗೂ ಹೇಳಿಲ್ಲ.

ಬುಧವಾರ ಬೆಳಿಗ್ಗೆ ಪಾರ್ಕಿಗೆ ಹೋದೆ. ನಾವು ಸ್ವಯಂಸೇವಕರು ನೆಟ್ಟಿದ್ದ ಹನ್ನೊಂದು ಸಸಿಗಳೂ ಸುಟ್ಟು ಒಣಗಿದ್ದವು. ಮಾಲಿಯ ಶೆಡ್ಡಿನಲ್ಲಿ ಕಳೆನಾಶಕದ ಬಾಟಲಿ ಸಿಕ್ಕಿತು. ಅರ್ಧ ಖಾಲಿ.

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ," ಎಂದರು ನಾಯಿ ಹಿಡಿದು ಬರುವ ಮೇಡಂ. "ಇಲ್ಲಿ ಇವು ಬದುಕಲ್ಲ ಅಂತ ಆ ಮಾಲಿ ಮೊದಲೇ ಅಂದಿದ್ದ. ನಿಜ ಮಾಡಿ ತೋರಿಸಿದ."

"ನಿಮ್ಮ ನಾಯಿ ದಿನಾ ಕಾಲೆತ್ತಿದ್ದು ಲೆಕ್ಕಕ್ಕಿಲ್ವಾ?" ಪಾರ್ಕಿನ ಎದುರು ಅಂಗಡಿಯ ದರ್ಜಿ ಕೆಣಕಿದರು.

"ಹನ್ನೊಂದಕ್ಕೂ ಸರದಿ ಹಾಕ್ಕೊಂಡು ಹೋಗುತ್ತೇನ್ರೀ ಅದು?"

ಬಡಾವಣೆ ಸಂಘದ ಅಧ್ಯಕ್ಷರು ನನ್ನ ಅಪ್ಪ. "ಸಂಜೆ ಸಭೆ. ಅವನನ್ನ ಕೆಲಸದಿಂದ ತೆಗೀಬೇಕು," ಎಂದರು.

ಮಾಲಿ ಪೈಪು ಸುತ್ತುತ್ತ ನಿಂತಿದ್ದರು. ಶೆಡ್ಡಿನ ಹಿಂದಿನ ಕೋಣೆಯೇ ಅವರ ಮನೆ. ಕೆಲಸ ಹೋದರೆ ಸೂರೂ ಹೋಗುತ್ತದೆ.

*

ಜನ ಚದುರಿದ ಮೇಲೆ ಎಲೆಗಳನ್ನು ನೋಡಿದೆ. ಎಲ್ಲದರ ಮೇಲೂ ಹನಿಹನಿ ಸುಟ್ಟ ಕಲೆ. ವಿಷ ಮೇಲಿನಿಂದ ಬಿದ್ದಿತ್ತು.

"ಅಣ್ಣಾ, ನೀವು ನೀರು ಹೇಗೆ ಬಿಡೋದು?"

"ಬುಡಕ್ಕೆ, ಪೈಪಲ್ಲಿ. ತಲೆ ಮೇಲೆ ಸ್ನಾನ ಮಾಡ್ಸೋರು ನಿಮ್ಮೋರು. ಭಾನುವಾರ, ಕ್ಯಾನಲ್ಲಿ."

"ಶೆಡ್ಡಿನ ಕೀಲಿ?"

"ಎರಡಿದೆ. ಒಂದು ನನ್ಹತ್ರ. ಇನ್ನೊಂದು ಸಂಘದ…" ನನ್ನ ಮುಖ ನೋಡಿ ಮತ್ತೆ ಪೈಪು ಸುತ್ತತೊಡಗಿದರು.

ಬಾಟಲಿಯ ಮುಚ್ಚಳ ತಿರುಗಿಸಿದೆ. ಸೋರದಿರಲೆಂದು ಬಾಯಿಗೆ ಪ್ಲಾಸ್ಟಿಕ್ ಚೂರು ಮಡಚಿ ಇಟ್ಟಿದ್ದರು. ನಮ್ಮ ಮನೆಯ ಫಿನಾಯಿಲ್, ಎಣ್ಣೆ, ಕೆಮ್ಮಿನ ಔಷಧ, ಎಲ್ಲದರ ಬಾಯಲ್ಲೂ ಅಪ್ಪ ಇಡುವ ಇಂಥದೇ ಚೂರು. ಶನಿವಾರ ಅಪ್ಪ ಕ್ಯಾನು ಹಿಡಿದು ಕಾಲುದಾರಿಯ ಹುಲ್ಲಿನತ್ತ ಹೋದದ್ದು, ಭಾನುವಾರ ಅದೇ ಕ್ಯಾನಿನಲ್ಲಿ ಸಸಿಗಳಿಗೆ ನೀರೆರೆದದ್ದು ನೆನಪಾಯಿತು.

*

"ಅಪ್ಪಾ, ಶನಿವಾರ ಕಾಲುದಾರಿ ಹುಲ್ಲಿಗೆ ಏನು ಹಾಕಿದ್ರಿ?"

ಚಹಾ ಲೋಟ ಕೆಳಗಿಟ್ಟರು. "ಇಪ್ಪತ್ತು ವರ್ಷದಿಂದ ಮರ್ಯಾದೆ ಉಳಿಸ್ಕೊಂಡು ಬಂದಿದ್ದೀನಿ, ಪುಟ್ಟಿ."

ನಾನು ಮರ್ಯಾದೆಯ ಮಾತೇ ಎತ್ತಿರಲಿಲ್ಲ.

*

ಸಭೆಯಲ್ಲಿ ಮಾಲಿಯನ್ನು ತೆಗೆಯಲು ಒಪ್ಪಿ ಒಬ್ಬೊಬ್ಬರಾಗಿ ಕೈ ಎತ್ತತೊಡಗಿದರು. ನಾನು ಎದ್ದು ನಿಂತೆ. ಸುಟ್ಟ ಎಲೆಯನ್ನೂ ಬಾಟಲಿಯನ್ನೂ ಮೇಜಿನ ಮೇಲಿಟ್ಟೆ. ತಡವರಿಸುತ್ತಲೇ ಹೇಳಿದೆ: ಶನಿವಾರ ಕ್ಯಾನಿನಲ್ಲಿ ಕಳೆನಾಶಕ ಕಲಸಿ ದಾರಿಯ ಹುಲ್ಲಿಗೆ ಸುರಿದದ್ದು, ಉಳಿದದ್ದನ್ನು ಚೆಲ್ಲದೆ ಭಾನುವಾರ ಅದಕ್ಕೇ ನೀರು ತುಂಬಿ ಸಸಿಗಳ ಮೇಲೆ ಎರೆದದ್ದು. ಅಲ್ಲಿಯವರೆಗಿನದು ಮರೆವಿನ ತಪ್ಪು. ಎರಡನೇ ಕೀಲಿಯಿಂದ ಶೆಡ್ಡು ತೆರೆದು ಬಾಟಲಿ ಇಟ್ಟದ್ದು ಮರೆವಲ್ಲ.

"ಯಾರಮ್ಮಾ ಅದು?" ಮೇಡಂ ಕೇಳಿದರು.

ಅಪ್ಪ ತಲೆ ಎತ್ತಲಿಲ್ಲ.

"ನಮ್ಮಪ್ಪ," ಎಂದೆ.