ಹಿಂದಿನ ಚಕ್ರದ ನಡುಕ

ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ ಹಳೆಯ ಬಿಳಿ ಝಿಗುಲಿ ಕಾರಿನಿಂದ ಇಳಿದವನನ್ನು ಕಂಡು ಜಿಪಾರ್‌ಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತುಬಿಟ್ಟಿತು.

ಎಲ್ದಿಯಾರ್…

ನಾಲ್ಕು ವರ್ಷ. ಈ ಮುಖ ಮತ್ತೆ ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂದು ಅವಳು ಎಷ್ಟೋ ಸಲ ಯೋಚಿಸಿ ಇಟ್ಟುಕೊಂಡಿದ್ದಳು. ಕೆನ್ನೆಗೆ ಬಾರಿಸುವುದು, ಬಜಾರಿನ ನಡುವೆ ನಿಲ್ಲಿಸಿ ಮಾನ ಕಳೆಯುವುದು… ಆದರೆ ಈಗ ಬಾಯಿಗೆ ಬಂದದ್ದು ಎರಡೇ ಮಾತು.

"ಏನಾಗಿದೆ ಗಾಡಿಗೆ?"

"ಬ್ರೇಕ್ ಒತ್ತಿದ್ರೆ ನಡುಗುತ್ತೆ, ಉಸ್ತಾ."

ಉಸ್ತಾ! ಅಪ್ಪ ಬೋಲೊತ್‌ನ ಬೆನ್ನು ಕೆಟ್ಟು ಗ್ಯಾರೇಜು ಅವಳ ಕೈಗೆ ಬಂದ ಮೇಲೆ ಕೊಚ್ಕೋರಿನ ಡ್ರೈವರುಗಳೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಆದರೂ ಅವನ ಬಾಯಲ್ಲಿ 'ಮೇಸ್ತ್ರಿ' ಎಂಬ ಆ ಮರ್ಯಾದೆ ಕೇಳಿ ಅವಳ ಮೈಯೆಲ್ಲ ಉರಿಯಿತು. 'ಜಿಪಾರ್, ಜಿಪಾರ್ ಅಂತ ಹಿಂದೆ ಸುತ್ತಿದವನು… ಈಗ ಗುರುತೇ ಇಲ್ಲದವನ ಹಾಗೆ ನಿಂತಿದ್ದಾನೆ.'

ನಾಲ್ಕು ವರ್ಷದ ಹಿಂದೆ ಆ ದಿನ ಅವನ ಕಡೆಯವರು ದೊಲೊನ್ ಘಾಟಿ ದಾಟಿ ಬಂದು, ಅವಳ ಕಿವಿಗೆ ಓಲೆ ಹಾಕಿ ಮದುವೆ ಗೊತ್ತು ಮಾಡಬೇಕಿತ್ತು. ಕುರಿ ಕೊಯ್ದಾಗಿತ್ತು. ಹಿಟ್ಟಿನ ತುಂಡು ಕರಿದ ಬೊರ್ಸೋಕ್ ಮೇಜಿನ ತುಂಬ ಹರಡಿತ್ತು. ನೆಂಟರೆಲ್ಲ ಹೊಸ ಬಟ್ಟೆ ತೊಟ್ಟು ಬೀದಿ ನೋಡುತ್ತ ಕುಳಿತಿದ್ದರು.

ಯಾರೂ ಬರಲಿಲ್ಲ. ಒಂದು ಫೋನೂ ಇಲ್ಲ.

ಸಂಜೆ ಸೋದರತ್ತೆ "ಪಾಪ ಮಗು" ಎಂದು ತಲೆ ಸವರಿದಾಗ ಜಿಪಾರ್ ಎದ್ದು ಹೋಗಿ, ಫೋನಿನ ಸಿಮ್ ಮುರಿದು ಒಲೆಗೆ ಎಸೆದಿದ್ದಳು. ಸತ್ತ ಅಮ್ಮನಿಗಾಗಿ ಅತ್ತದ್ದು ಬಿಟ್ಟರೆ ಅವಳು ಅಷ್ಟು ಅತ್ತದ್ದು ಆ ರಾತ್ರಿಯೇ.

"ಕೀ ಕೊಡಿ. ಓಡಿಸಿ ನೋಡ್ಬೇಕು," ಎಂದಳು.

'ಕೊಡಿ' ಎಂಬ ಮಾತು ಅವನಿಗೆ ನಾಟಿತು. ಸುಮ್ಮನೆ ಕೀ ಕೊಟ್ಟು ಪಕ್ಕದ ಸೀಟಿನಲ್ಲಿ ಕುಳಿತ.

ಊರಾಚೆಯ ನೇರ ರಸ್ತೆಯಲ್ಲಿ ಜಿಪಾರ್ ವೇಗ ಹೆಚ್ಚಿಸಿ ಬ್ರೇಕ್ ಒತ್ತಿದಳು. ಗಾಡಿ ದಡದಡ ನಡುಗಿತು. ಸ್ಟೀರಿಂಗ್ ಮಾತ್ರ ಅಲುಗಲಿಲ್ಲ. ನಡುಕ ಬರುತ್ತಿದ್ದದ್ದು ಕೂತ ಸೀಟಿನ ಅಡಿಯಿಂದ. ಮತ್ತೊಮ್ಮೆ ಮೆಲ್ಲಗೆ ಓಡಿಸಿ, ಪೆಡಲ್ ಮುಟ್ಟದೆ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದಳು. ಅದೇ ನಡುಕ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಇನ್ನು ಅನುಮಾನವೇ ಇಲ್ಲ. ಹಿಂದಿನ ಬ್ರೇಕ್ ಡ್ರಮ್ಮುಗಳು ದುಂಡಗಿನ ಆಕಾರ ಕಳೆದುಕೊಂಡಿವೆ.

ಅವಳು ಅವನತ್ತ ತಿರುಗಿದಳು. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಒಂದು ಕ್ಷಣ ಎದೆ ಮೆತ್ತಗಾಯಿತು… ಮರುಕ್ಷಣವೇ ಬೀದಿ ನೋಡುತ್ತ ಕುಳಿತ ಆ ದಿನ ನೆನಪಾಯಿತು.

'ನಾನು ಕಾದೆನಲ್ಲ. ಈಗ ನೀನೂ ಅಲೆ.'

"ಮುಂದಿನ ಡಿಸ್ಕ್ ಹೋಗಿವೆ," ಎಂದಳು. "ಎರಡೂ ಹೊಸದು ತನ್ನಿ."

ಅವನು ಅವಳ ಮುಖವನ್ನೇ ನೋಡಿದ. "ಮುಂದಿನದಾ?"

"ಯಾಕೆ? ನಂಬಿಕೆ ಇಲ್ವಾ? ಬೇರೆ ಗ್ಯಾರೇಜ್‌ಗೆ ಹೋಗಬಹುದು. ಮಾತು ಕೊಟ್ಟು ಕೈಕೊಡೋದು ನಿಮಗೇನು ಹೊಸದಲ್ಲ."

ಅವನ ದವಡೆ ಬಿಗಿಯಿತು. ಮಾತು ಮಾತ್ರ ಮೆತ್ತಗಿತ್ತು. "ನೀವು ಹೇಳಿದ ಮೇಲೆ ಮುಗೀತು, ಉಸ್ತಾ."

ಅಂದು ಸಂಜೆಯವರೆಗೂ ಅವನನ್ನು ಗಾಳಿಯಲ್ಲಿ ಹೊರಗೇ ಕೂರಿಸಿ, ಅವನು ಬಜಾರಿನಿಂದ ತಂದ ಡಿಸ್ಕ್ ಹಾಕಿದಳು. ಒಂದು ಬಟ್ಟಲು ಚಹಾ ಕೂಡ ಕೊಡಲಿಲ್ಲ. ಗ್ಯಾರೇಜಿಗೆ ಅಂಟಿದ ಮನೆಯ ಕಿಟಕಿಯಿಂದ ಅಪ್ಪ ಒಮ್ಮೆ ಇಣುಕಿ ಪರದೆ ಎಳೆದುಕೊಂಡ. 'ಅವರಿಗೂ ಅವಮಾನ ನೆನಪಾಗಿರಬೇಕು' ಎಂದುಕೊಂಡಳು.

ಮುಂದಿನ ವಾರ ಗಾಡಿ ಮತ್ತೆ ಬಂತು. ನಡುಕ ಹಾಗೇ ಇತ್ತು.

"ಹಾಗಾದ್ರೆ ಟೈರು," ಎಂದಳು ಜಿಪಾರ್, ಕಣ್ಣು ಎತ್ತದೆ. "ನಾಲ್ಕೂ ಬದಲಿಸಿ, ಬ್ಯಾಲೆನ್ಸ್ ಮಾಡಿಸಿ."

"ಆಯ್ತು."

"ಬೇಜಾರಿಲ್ವಾ, ಇಷ್ಟು ದೂರ ಅಲೆಯೋಕೆ?"

"ಬೇಜಾರಾದ್ರೆ ಬರ್ತಿರಲಿಲ್ಲ."

ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ಸೇಡು ತೀರಿಸಿಕೊಂಡವರಿಗೆ ಹೊಟ್ಟೆ ತಣ್ಣಗಾಗಬೇಕಲ್ಲವೇ? ಅವಳಿಗೆ ಅವನು ಹೊರಟ ಮೇಲೆ ಊಟವೇ ಸೇರುತ್ತಿರಲಿಲ್ಲ. ಘಾಟಿಯ ಇಳಿಜಾರಿನಲ್ಲಿ ಆ ಬಿಳಿ ಗಾಡಿ ನಡುಗುವುದು ಕಣ್ಣಿಗೆ ಕಟ್ಟುತ್ತಿತ್ತು.

ಮೂರನೆಯ ಸಲ ಅವನು ಬಂದದ್ದು ದೊಲೊನ್ ಮೇಲೆ ಮೊದಲ ಹಿಮ ಬಿದ್ದ ಬೆಳಿಗ್ಗೆ. ಗಾಡಿಯ ನೆತ್ತಿಯ ಮೇಲೆ ಇನ್ನೂ ಬಿಳಿ ಪದರವಿತ್ತು.

"ಟೈರಲ್ಲ, ಉಸ್ತಾ. ಇನ್ನೇನು ಬದಲಿಸೋಣ?"

ಅವಳು ಬಾಯಿ ತೆರೆದಳು. ಸುಳ್ಳು ಸಿದ್ಧವಾಗಿತ್ತು. ಆದರೆ ಹೊರಬರಲಿಲ್ಲ.

"ಏನೂ ತೋಚ್ತಿಲ್ವಾ? ಸರಿ, ಇನ್ನೊಂದು ದಿನ ಬರ್ತೀನಿ," ಎಂದು ಅವನು ಗಾಡಿಗೆ ಹತ್ತಿದ.

ಜಿಪಾರ್ ಓಡಿಹೋಗಿ, ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡಳು.

"ಎಲ್ಲಿಗೂ ಹೋಗಬೇಡ! ಹಿಮದ ಮೇಲೆ ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡ್ರೆ ಗಾಡಿ ತಿರುಗಿ ಪ್ರಪಾತಕ್ಕೆ ಬೀಳುತ್ತೆ, ಗೊತ್ತಾ? ಡಿಸ್ಕೂ ಅಲ್ಲ, ಟೈರೂ ಅಲ್ಲ. ಹಿಂದಿನ ಡ್ರಮ್. ಮೊದಲ ದಿನವೇ ಗೊತ್ತಿತ್ತು ನನಗೆ. ಬೇಕು ಅಂತಲೇ ಸುಳ್ಳು ಹೇಳಿದೆ!"

ಎಲ್ದಿಯಾರ್ ಬಾಗಿಲು ತೆರೆದ. "ನನಗೂ ಗೊತ್ತಿತ್ತು," ಎಂದ.

ಅವನು ಇಳಿದು ಡಿಕ್ಕಿ ತೆರೆದ. ಗೋಣಿಚೀಲದ ಮೇಲೆ ಎರಡು ಹೊಸ ಡ್ರಮ್ಮು, ಒಂದು ಜೊತೆ ಬ್ರೇಕ್ ಶೂ.

"ನಿನ್ನ ಹತ್ರ ಬರೋ ಮುಂಚೆಯೇ ತಗೊಂಡಿದ್ದೆ. ಸೀಟು ನಡುಗಿ ಸ್ಟೀರಿಂಗ್ ಸುಮ್ಮನಿದ್ರೆ ತಪ್ಪು ಹಿಂದಿದೆ ಅಂತ ಘಾಟಿ ಓಡಿಸೋ ಯಾರಿಗೆ ಗೊತ್ತಿಲ್ಲ?"

"ಮತ್ತೆ ಡಿಸ್ಕ್ ಯಾಕೆ ಹಾಕಿಸಿಕೊಂಡೆ? ನನ್ನ ನೋಡಿ ನಗೋಕಾ?"

"ನಿನ್ನ ಮನಸ್ಸು ನೋಡೋಕೆ. ನೀನು ನನ್ನ ಮರೆತಿದ್ರೆ ನಿಜ ಹೇಳಿ, ಕೆಲಸ ಮುಗಿಸಿ ಕಳಿಸ್ತಿದ್ದೆ. ನೀನು ಸುಳ್ಳು ಹೇಳಿದೆ. ಇನ್ನೂ ಕೋಪ ಇದೆ ಅಂದ್ರೆ ಇನ್ನೂ ಏನೋ ಉಳಿದಿದೆ ಅಂದುಕೊಂಡೆ." ಅವನ ದನಿ ಗಡಸಾಯಿತು. "ಆದ್ರೆ ಅರ್ಥವಾಗದ್ದು ಒಂದೇ. ಬರಬೇಡ ಅಂದವಳು ನೀನು. ಕೋಪ ನನಗೆ ಇರಬೇಕಿತ್ತು."

"ನಾನು… ಬರಬೇಡ ಅಂದೆನಾ?"

"ಓಲೆ ಹಾಕೋ ದಿನ ಬೆಳಿಗ್ಗೆ ನಿಮ್ಮಪ್ಪ ಘಾಟಿಯ ಚಹಾ ಅಂಗಡಿ ಹತ್ರ ನಮ್ಮನ್ನ ತಡೆದ್ರು. ಮಗಳ ಮನಸ್ಸು ಬದಲಾಗಿದೆ, ಫೋನೂ ಮಾಡಬೇಡ, ನಿನ್ನ ದನಿ ಕೇಳೋದೂ ಅವಳಿಗೆ ಇಷ್ಟವಿಲ್ಲ ಅಂದ್ರು. ನಾನು ಕೇಳಲಿಲ್ಲ, ಮರುದಿನ ಮಾಡಿದೆ. ನಿನ್ನ ನಂಬರೇ ಬಂದ್ ಆಗಿತ್ತು."

ಒಲೆಗೆ ಎಸೆದ ಸಿಮ್ ಜಿಪಾರ್‌ಳಿಗೆ ನೆನಪಾಯಿತು.

ಮನೆಯ ಬಾಗಿಲು ತೆರೆದುಕೊಂಡಿತು. ಬೋಲೊತ್ ಗೋಡೆ ಹಿಡಿದು ನಿಂತಿದ್ದ.

"ನಿಜಾನಾ, ಅಪ್ಪಾ?"

ಮುದುಕ ಹೊಸ್ತಿಲ ಮೇಲೆ ಕುಳಿತ. "ಹಿಂದಿನ ದಿನ ಬಜಾರಿನಲ್ಲಿ ಇವನ ಚಿಕ್ಕಪ್ಪ ಸಿಕ್ಕಿದ್ದ," ಎಂದ. "ಹತ್ತು ಜನರ ಮುಂದೆ ಅಂದ… 'ನಮ್ಮ ಸೊಸೆ ಡೀಸೆಲ್ ಕೈಯಲ್ಲಿ ಹಿಟ್ಟು ನಾದ್ತಾಳಂತೆ, ರೊಟ್ಟಿ ತಿಂದವರು ಸೀದಾ ಸ್ಟಾರ್ಟ್ ಆಗ್ತಾರೆ' ಅಂತ. ಎಲ್ಲರೂ ನಕ್ಕರು. ನನ್ನ ರಕ್ತ ಕುದೀತು. ಅವರು ಬಂದು ಓಲೆ ಹಾಕೋ ಮುಂಚೆ ನಾನೇ ಬಾಗಿಲು ಮುಚ್ಚಿಬಿಟ್ಟೆ."

"ಅವರ ಮೇಲಿನ ಸೇಡಿಗೆ ನನ್ನ ಬಾಗಿಲು ಮುಚ್ಚಿದ್ರಾ?"

"ಆ ಮಾತನ್ನ ನಿನ್ನ ಕಿವಿಗೆ ಹೇಗೆ ಹಾಕಲಿ ಮಗಳೇ…"

"ನಾನು ಒಲೆ ಮುಂದೆ ಅಳ್ತಾ ಇದ್ದಾಗ ನೀವು ಪಕ್ಕದಲ್ಲೇ ಕೂತಿದ್ರಿ." ಅವಳ ದನಿ ಏರಲಿಲ್ಲ. ಅದೇ ಬೋಲೊತ್‌ಗೆ ಹೆಚ್ಚು ತಾಗಿತು. "ನಾಲ್ಕು ವರ್ಷ ನಾನು ಇವನನ್ನ ಶಪಿಸೋದನ್ನ ಕೇಳಿಸಿಕೊಂಡ್ರಿ. ಹಿಮ ತೆಗೆದು ರಸ್ತೆ ತೆರೆದ ದಿನವೇ ನೀವು ಘಾಟಿ ದಾಟಿ ಇವನ ಅಮ್ಮನ ಮನೆಗೆ ಹೋಗಬೇಕು. ಅವತ್ತು ಸುಳ್ಳು ಹೇಳಿದವನು ನಾನೇ ಅಂತ ನಿಮ್ಮ ಬಾಯಿಂದಲೇ ಹೇಳಬೇಕು."

"ಆಗಲಿ."

"ಆ ಚಿಕ್ಕಪ್ಪನ ಎದುರಿಗೇ."

ಬೋಲೊತ್‌ನ ಮುಖ ಕಪ್ಪಿಟ್ಟಿತು. "ಅವನ ಎದುರಿಗಾ?"

"ಅವನ ಎದುರಿಗೇ."

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಹೂಂ ಅಂದ.

"ಚಿಕ್ಕಪ್ಪನ್ನ ನಾನು ನೋಡ್ಕೋತೀನಿ," ಎಂದ ಎಲ್ದಿಯಾರ್. ಚಿಕ್ಕಪ್ಪ ಹಾಗೆ ಅಂದದ್ದು ಅವನಿಗೂ ಗೊತ್ತಿರಲಿಲ್ಲ. ಮುಷ್ಟಿ ಬಿಗಿದಿತ್ತು.

"ನೀನು ಸುಮ್ಮನಿರು. ಅವರಿಗೆ ನಾನೇ ಹಿಟ್ಟು ನಾದಿ ರೊಟ್ಟಿ ಹಾಕ್ತೀನಿ. ಈ ಕೈಯಲ್ಲೇ. ಇನ್ನೊಂದು ಕೊಡಮ್ಮ ಅಂತ ಅವರು ಬಾಯಿಬಿಟ್ಟು ಕೇಳಬೇಕು."

ಅವಳು ಜಾಕ್ ಎಳೆದುಕೊಂಡು ಬಂದು ಗಾಡಿಯ ಹಿಂಭಾಗ ಎತ್ತಿದಳು. ಕೈಗೆ ಕೆಲಸ ಕೊಡದಿದ್ದರೆ ಅತ್ತುಬಿಡುತ್ತಿದ್ದಳು. ಚಕ್ರ ಬಿಚ್ಚಿ, ಡ್ರಮ್ ಮೇಲೆ ತಟ್ಟಿ ತಟ್ಟಿ ಸಡಿಲಿಸಿ ತೆಗೆದಳು. ಒಳಮೈಯಲ್ಲಿ ಅಲ್ಲಲ್ಲಿ ನೀಲಿ ಕಲೆಗಳು. ಬಿಸಿಗೆ ಬೆಂದು ಆದವು.

ಅವಳ ಹುಬ್ಬು ಗಂಟಿಕ್ಕಿತು. "ಘಾಟಿ ಇಳಿದು ಬ್ರೇಕ್ ಕಾದಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದೀಯ. ಒಂದು ಸಲ ಅಲ್ಲ, ಎಷ್ಟೋ ಸಲ. ಹಾಗೆ ಕಚ್ಚಿಕೊಂಡೇ ತಣ್ಣಗಾದ್ರೆ ಡ್ರಮ್ ಸೊಟ್ಟಗಾಗದೆ ಇರುತ್ತಾ? ಎಲ್ಲಿ ನಿಲ್ಲಿಸ್ತಿದ್ದೆ ಅಷ್ಟು ಹೊತ್ತು?"

ಎಲ್ದಿಯಾರ್ ಬಿಚ್ಚಿಟ್ಟ ನಟ್ಟುಗಳನ್ನು ಒಂದೊಂದಾಗಿ ಆರಿಸತೊಡಗಿದ.

"ಕೇಳ್ತಿದ್ದೀನಲ್ಲ."

"ನಿಮ್ಮೂರಿನ ಹೊರಗೆ, ಆ ಇಳಿಜಾರಲ್ಲಿ," ಎಂದ ಅವನು, ನೆಲ ನೋಡುತ್ತ. "ಇವತ್ತು ಹೋಗಿ ಕೇಳಿಬಿಡ್ತೀನಿ ಅಂತ ಹೊರಟು ಬರ್ತಿದ್ದೆ. ಅಲ್ಲಿವರೆಗೂ ಧೈರ್ಯ ಇರ್ತಿತ್ತು. ಕೂತು ಕೂತು… ಸಂಜೆಗೆ ವಾಪಸ್ ಹೋಗ್ತಿದ್ದೆ."

ಡ್ರಮ್ ಅವಳ ಮಡಿಲಲ್ಲೇ ಉಳಿಯಿತು. ತಡೆದಿಟ್ಟ ಕಣ್ಣೀರು ಈಗ ಮಸಿಮೆತ್ತಿದ ಕೆನ್ನೆಯ ಮೇಲೆ ಇಳಿಯಿತು.

"ಹೇಡಿ," ಎಂದಳು.

"ಹೌದು."

"ಒಂದು ಸಲ ಒಳಗೆ ಬಂದಿದ್ರೆ ಸಾಕಿತ್ತು."

"ಬೇಡ ಅಂತ ನಿನ್ನ ಬಾಯಿಂದಲೇ ಕೇಳಿಬಿಟ್ರೆ ಮತ್ತೆ ಯಾವ ದಾರಿಯಲ್ಲಿ ಬರಲಿ? ಅದಕ್ಕೇ ಗಾಡಿ ಕೆಟ್ಟಾಗ ಖುಷಿಯಾಯ್ತು. ಬರೋಕೆ ಒಂದು ಕಾರಣ ಸಿಕ್ತು." ಅವನು ಅವಳೆದುರು ಮಂಡಿಯೂರಿ ಕುಳಿತ. "ಈಗ ಕಾರಣ ಇಲ್ಲದೆ ಕೇಳ್ತಿದ್ದೀನಿ. ನಿನ್ನ ಬಿಟ್ಟು ನನ್ನಿಂದ ಆಗಲ್ಲ, ಜಿಪಾರ್. ಮದುವೆ ಆಗ್ತೀಯಾ?"

ಅವಳು ತೋಳಿನಿಂದ ಮುಖ ಒರೆಸಿಕೊಂಡಳು. ಮಸಿ ಇನ್ನಷ್ಟು ಹರಡಿತು.

"ಒಂದು ಷರತ್ತು. ಇನ್ನು ಮೇಲೆ ನಾನು ಕೋಪಕ್ಕೆ ಸುಳ್ಳು ಹೇಳಿದ್ರೆ ಆಯ್ತು ಉಸ್ತಾ ಅಂತ ತಲೆ ಆಡಿಸಬೇಡ. ಎದುರು ನಿಂತು ಜಗಳ ಆಡು."

"ಈಗಲೇ ಶುರು ಮಾಡ್ಲಾ?"

"ಮೊದಲು ಒಳಗೆ ನಡಿ, ಊಟ ಮಾಡು," ಎಂದಳು ಜಿಪಾರ್. "ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ."