ಒಂಬತ್ತನೆಯ ಹಬೆ

“ಮೇಡಂ, ನಿಮ್ಮ ಇಡ್ಲಿ ಸೀದುಹೋಗ್ತಿದೆ!”

ರನ್‌ಕಾರ್ನ್ ಬಡಾವಣೆಯ ಒಂದು ಮನೆಯ ಕೆಳಗಡೆ ಬಾಡಿಗೆಗಿದ್ದ ಭರತೇಶ್, ಮಹಡಿಯ ಮಾಲವಿಕಾಳ ಬಾಗಿಲನ್ನು ಮೊದಲ ಸಲ ತಟ್ಟಿದ್ದು ಹೀಗೆ. ಅವಳು ನಗುತ್ತಾ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಕಪ್ಪಗಾಗುತ್ತಿದ್ದ ಬೇರಿನ ಚೂರುಗಳು.

“ಚೀನಾದ ಔಷಧಿ. ಒಂಬತ್ತು ಸಲ ಬೇಯಿಸಿ, ಒಂಬತ್ತು ಸಲ ಒಣಗಿಸ್ಬೇಕು. ಇವತ್ತು ಮೊದಲನೇದು. ಹಸಿಯಾಗಿ ತಿಂದ್ರೆ ಹೊಟ್ಟೆ ಕೆಡುತ್ತೆ. ಬೇಯಿಸಿದ್ರೆ ಅದರ ಸಕ್ಕರೆ ಬದಲಾಗುತ್ತೆ. ಅದನ್ನ ತಿಂದು ಕರುಳಿನ ಬ್ಯಾಕ್ಟೀರಿಯಾ ಏನ್ ಮಾಡುತ್ತೆ, ಮೈಗೆ ಹೇಗೆ ಹತ್ತುತ್ತೆ, ಅದೇ ನನ್ನ ಪಿಎಚ್‌ಡಿ.”

“ಓ, ಬ್ಯಾಕ್ಟೀರಿಯಾಗೂ ಮೆತ್ತಗೆ ಬೇಯಿಸಿದ್ದೇ ಬೇಕಾ?”

ಅವಳು ಲ್ಯಾಬ್‌ಗೆ ಹೋದಾಗ, ಬಾಲ್ಕನಿಯಲ್ಲಿ ಒಣಹಾಕಿದ ತಟ್ಟೆಗಳನ್ನು ಮ್ಯಾಗ್‌ಪೈ ಹಕ್ಕಿಗಳಿಂದ ಕಾಯುವ ಕೆಲಸ ಅವನದಾಯಿತು. ಫ್ರಿಜ್‌ಗೆ ಅಂಟಿಸಿದ ಹಾಳೆಯಲ್ಲಿ ಬೇಯಿಸಿದ ಲೆಕ್ಕಕ್ಕೆ ದಿನಕ್ಕೊಂದು ಗೀಟು ಎಳೆಯುವುದೂ ಅವನದೇ. ಸಂಜೆ ಇಬ್ಬರೂ ಚೂರುಗಳನ್ನು ಮಗುಚುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಇಬ್ಬರೂ ಬೇರನ್ನೇ ನೋಡುತ್ತಿದ್ದರು.

ಭಾನುವಾರ ಹಾಳೆಯಲ್ಲಿ ಎಂಟು ಗೀಟುಗಳಿದ್ದವು. ಮರುದಿನ ಅವನು ಹೊಸ ಕೆಲಸಕ್ಕೆ ಅಡಿಲೇಡ್‌ಗೆ ಹೊರಡಬೇಕಿತ್ತು.

“ಇವತ್ತು ಕೊನೇದು” ಎಂದಳು ಮಾಲವಿಕಾ. ಪಾತ್ರೆ ಆಗಲೇ ಒಲೆಯ ಮೇಲಿತ್ತು. ಹಬೆ ಏಳುತ್ತಿತ್ತು.

“ಅಕಸ್ಮಾತ್ ಹತ್ತು ಸಲ ಬೆಂದ್ರೆ?”

“ಅಷ್ಟೇ, ಹಾಳು. ನಾಲ್ಕು ತಿಂಗಳ ಟೆಸ್ಟ್ ಈ ಬೇರಿನ ಮೇಲೇ ನಿಂತಿದೆ.”

ಭರತೇಶ್ ಎದ್ದು ಒಲೆ ಆರಿಸಿದ.

“ನಿನ್ನೆನೇ ಒಂಬತ್ತಾಯ್ತು. ಗುರುವಾರ ನಾನು ಗೀಟು ಎಳೀಲಿಲ್ಲ. ಬೇಕಂತ್ಲೇ.”

“ಯಾಕೆ?”

“ಲೆಕ್ಕ ಮುಗಿದ್ರೆ ಇವತ್ತು ಮೇಲೆ ಬರೋಕೆ ನೆಪಾನೇ ಇರ್ತಿರ್ಲಿಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ, ಮಾಲವಿಕಾ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ, ಮೊದಲು ಬೇರು ತೆಗೀರಿ.”

ಅವಳು ಮುಚ್ಚಳ ತೆಗೆದಳು.

ಒಳಗೆ ಬೆಳ್ಳಗೆ ಅರಳಿದ ಇಡ್ಲಿಗಳು.

“ಪ್ರತಿ ಸಲ ಬೇಯಿಸಿದಾಗ್ಲೂ ಒಂದು ಚೂರನ್ನ ಬೇರೆ ಬಾಟಲಿಗೆ ಹಾಕಿಡ್ತೀನಿ. ನಿನ್ನೆಗೆ ಒಂಬತ್ತು ಬಾಟಲಿ ಆಯ್ತು. ನೀವಾಗೇ ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ.”

ಅವನ ಕಿವಿ ಕೆಂಪಾಯಿತು. “ಹೇಳದೆ ಇದ್ದಿದ್ರೆ?”

“ಇಡ್ಲಿ ಕೊಟ್ಟು ಕಳಿಸ್ತಿದ್ದೆ. ಚಟ್ನಿ ಇಲ್ದೆ.”

ಅವನು ತಲೆ ಎತ್ತಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ. ಅವನ ತಟ್ಟೆಗೆ ಎರಡು ಇಡ್ಲಿ ಹಾಕಿ, ಪಕ್ಕದಲ್ಲಿ ಧಾರಾಳವಾಗಿ ಚಟ್ನಿ ಬಡಿಸಿದಳು.

“ಅಡಿಲೇಡ್‌ನಲ್ಲಿ ಮನೆ ಹುಡುಕುವಾಗ,” ಎಂದಳು ಮೆಲ್ಲಗೆ, “ಬಾಲ್ಕನಿಗೆ ಬಿಸಿಲು ಬರೋದನ್ನೇ ನೋಡಿ.”